ಎರಡು ಸಾವಿರದ ಡ್ರಿಪ್ ಕಾಫಿ ಮಿಷನ್ ಮಲೆನಾಡಿನ ಅಡುಗೆಮನೆಗೆ ಒಗ್ಗುತ್ತದೆಯೇ?

ಡ್ರಿಪ್ ಕಾಫಿ ಮಿಷನ್ ಹುಟ್ಟಿದ್ದು ನಮ್ಮ ಹಾಲುಕಾಫಿಗಲ್ಲ. 1954ರಲ್ಲಿ ಜರ್ಮನಿಯಲ್ಲಿ ವಿಗೋಮಾಟ್ ಎಂಬ ಹೆಸರಿನಲ್ಲಿ ಬಂದ ವಿದ್ಯುತ್ ಡ್ರಿಪ್ ಮಿಷನ್‌ನಿಂದ ಹಿಡಿದು, ಇವತ್ತು ಶಿವಮೊಗ್ಗದ ಗಾಂಧಿ ಬಜಾರಿನಲ್ಲೋ ದುರ್ಗಿಗುಡಿಯಲ್ಲೋ ಎರಡು ಸಾವಿರ ರೂಪಾಯಿ ಆಸುಪಾಸಿಗೆ ಕೈಗೆ ಬರುವ ಮಿಷನ್‌ವರೆಗೆ, ಎಲ್ಲದರ ಅಳತೆಯೂ ಹಾಲಿಲ್ಲದ ದೊಡ್ಡ ಕಪ್ಪಿನ ತೆಳು ಕಾಫಿಯದೇ. ನಮಗೆ ಬೇಕಾದದ್ದು ಹಾಲಿಗೆ ಬಿದ್ದರೂ ಸೋಲದ ಡಿಕಾಕ್ಷನ್. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಟ್ಯಾಂಕ್ ತುಂಬ ನೀರು ಹೊಯ್ದು, ಮನೆಯಲ್ಲಿದ್ದ 70:30 ಪುಡಿ (ಕಾಫಿ 70, ಚಿಕೋರಿ 30) ಹಾಕಿ ಸ್ವಿಚ್ ಒತ್ತಿದರೆ ಬರುವುದು ಬಣ್ಣದ ನೀರು. ಅದಕ್ಕೆ ಹಾಲು ಬೆರೆಸಿದರೆ ಅತ್ತ ಕಾಫಿಯೂ ಅಲ್ಲ, ಇತ್ತ ಹಾಲೂ ಅಲ್ಲ. ತಂದ ಎರಡನೇ ವಾರಕ್ಕೆ ಮಿಷನ್ ಅಟ್ಟ ಸೇರುವುದು ಇದೇ ಕಾರಣಕ್ಕೆ.

ಪುಡಿ ಬದಲಿಸಿ, ನೀರನ್ನು ಅರ್ಧಕ್ಕಿಳಿಸಿದರೆ ಇದೇ ಮಿಷನ್ ನಾಲ್ಕು ಜನಕ್ಕೆ ಸಾಕಾಗುವ, ಕುಡಿಯಲು ಅಡ್ಡಿಯಿಲ್ಲದ ಡಿಕಾಕ್ಷನ್ ಅನ್ನು ಐದಾರು ನಿಮಿಷದಲ್ಲಿ ಇಳಿಸಿಕೊಡುತ್ತದೆ. ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರಿನ ಮಟ್ಟ ಬರುವುದಿಲ್ಲ. ಅದಕ್ಕೆ ಆಸೆಪಟ್ಟು ಕೊಳ್ಳಬೇಡಿ.

ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿರುವುದು 600 ವ್ಯಾಟ್, 0.6 ಲೀಟರ್ ಟ್ಯಾಂಕ್, ಗಾಜಿನ ಜಗ್, ತೊಳೆದು ಮತ್ತೆ ಬಳಸುವ ನೈಲಾನ್ ಜಾಲರಿ, ಒಂದೇ ಒಂದು ಸ್ವಿಚ್ ಇರುವ ಮಿಷನ್. ಕಂಪನಿ ಹತ್ತಾರು, ಒಳಗಿನ ಹೂರಣ ಒಂದೇ. ಪೆಟ್ಟಿಗೆಯ ಮೇಲೆ ‘6 ಕಪ್’ ಎಂದಿದ್ದರೆ ಆ ಕಪ್ಪು 100 ಮಿಲಿ. ಪುಡಿ ಹೀರಿಕೊಳ್ಳುವ ನೀರು, ಆವಿಯಾಗಿ ಹೋಗುವ ನೀರು ಕಳೆದರೆ ಜಗ್ಗಿಗೆ ಇಳಿಯುವುದು 520 ಮಿಲಿ ಇರಬಹುದು. ಅಡಿಕೆ ಸುಲಿಯುವ ದಿನ ಹದಿನೈದು ಜನಕ್ಕೆ ಕಾಫಿ ಆಗಬೇಕಾದ ಮನೆಗೆ ಇದು ಯಾವ ಮೂಲೆಗೂ ಸಾಲದು.

ಒಳಗೆ ಏನಿದೆ

ಮೋಟರ್ ಇಲ್ಲ, ಪಂಪ್ ಇಲ್ಲ. ಟ್ಯಾಂಕಿನ ತಳದಿಂದ ನೀರು ಒಂದು ಸಣ್ಣ ಏಕಮುಖ ವಾಲ್ವ್ ದಾಟಿ, ‘ಯು’ ಆಕಾರದ ಅಲ್ಯೂಮಿನಿಯಂ ನಳಿಗೆಗೆ ಬರುತ್ತದೆ. ನಳಿಗೆಗೆ ಅಂಟಿಕೊಂಡೇ ಹೀಟರ್ ಇದೆ. ನಳಿಗೆಯಲ್ಲಿ ಕುದಿ ಬಂದಾಗ ಏಳುವ ಗುಳ್ಳೆಗಳು, ಗಂಜಿ ಉಕ್ಕಿ ಅನ್ನದ ಪಾತ್ರೆಯ ಮುಚ್ಚಳ ಎತ್ತುವ ಹಾಗೆ, ಮುಂದಿನ ನೀರನ್ನು ಮೇಲಕ್ಕೆ ತಳ್ಳುತ್ತವೆ. ವಾಲ್ವ್ ಇರುವುದರಿಂದ ನೀರು ಹಿಂದಕ್ಕೆ ಟ್ಯಾಂಕಿಗೆ ಹೋಗದೆ, ಮೇಲಿನ ತೂತಿನಿಂದ ಪುಡಿಯ ಮೇಲೆ ಬೀಳುತ್ತದೆ. ಜಗ್ಗಿನ ಕೆಳಗಿರುವ ಬಿಸಿ ತಟ್ಟೆಗೂ ಇದೇ ಹೀಟರ್. ನೀರು ಖಾಲಿಯಾದ ಮೇಲೆ ನಳಿಗೆ ವಿಪರೀತ ಬಿಸಿಯಾಗದಂತೆ ಥರ್ಮೋಸ್ಟಾಟ್ ಕರೆಂಟನ್ನು ಆಗಾಗ ಕಡಿದು ಮತ್ತೆ ಕೊಡುತ್ತಿರುತ್ತದೆ. ಕೊನೆಯಲ್ಲಿ ಕೇಳುವ ಗೊರಗೊರ ಸದ್ದು ಹಾಳಾದ ಲಕ್ಷಣವಲ್ಲ, ನಳಿಗೆಯಲ್ಲಿ ನೀರು ಮುಗಿದು ಆವಿ ಹೊರಡುತ್ತಿದೆ ಅಷ್ಟೆ.

ಕಾಫಿಯ ಸಾರ ಸರಿಯಾಗಿ ಇಳಿಯಲು ನೀರು 92ರಿಂದ 96 ಡಿಗ್ರಿ ಇರಬೇಕು ಎನ್ನುವುದು ಎಲ್ಲರೂ ಒಪ್ಪುವ ಅಳತೆ. ಈ ಮಿಷನ್‌ಗಳಲ್ಲಿ ಮೊದಲ ಅರ್ಧ ನಿಮಿಷ ಬೀಳುವ ನೀರು ಅಷ್ಟು ಬಿಸಿ ಇರುವುದಿಲ್ಲ. ನಳಿಗೆ, ಮುಚ್ಚಳ, ಪ್ಲಾಸ್ಟಿಕ್ ಬುಟ್ಟಿ ಎಲ್ಲ ತಣ್ಣಗಿರುವುದೇ ಕಾರಣ. ಅರ್ಧ ದಾಟಿದ ಮೇಲೆ ಬಿಸಿ ಸರಿಹೋಗುತ್ತದೆ. ನೀರು ಕಮ್ಮಿ ಹಾಕಿದಷ್ಟೂ ಈ ತಣ್ಣನೆಯ ಮೊದಲ ಪಾಲು ಹೆಚ್ಚಾಗುತ್ತದೆ. ನಾವು ಹಾಕುವುದೇ ಕಮ್ಮಿ ನೀರು. ಆದ್ದರಿಂದ ಪುಡಿ ಹಾಕುವ ಮೊದಲು ಒಂದು ಲೋಟ ಬರಿ ನೀರನ್ನು ಮಿಷನ್‌ನಲ್ಲಿ ಹಾಯಿಸಿ ಚೆಲ್ಲಿ. ನಳಿಗೆ, ಬುಟ್ಟಿ, ಜಗ್ ಮೂರೂ ಕಾಯುತ್ತವೆ. ಎರಡು ನಿಮಿಷದ ಕೆಲಸ. ಪುಷ್ಯ, ಮಾಘದ ಚಳಿಯಲ್ಲಿ ಇದನ್ನು ಬಿಟ್ಟರೆ ಡಿಕಾಕ್ಷನ್ ಹುಳಿ ಹುಳಿ ಅನ್ನಿಸುತ್ತದೆ.

ಹಾಗಾದರೆ ಟ್ಯಾಂಕಿಗೇ ಬಿಸಿನೀರು ಹೊಯ್ದರಾಗದೇ ಎಂದು ಕೇಳುವವರಿದ್ದಾರೆ. ಆಗದು. ನೀರು ಬೇಗ ಬೇಗ ಮೇಲೇರಿ, ಜಾಲರಿಯಿಂದ ಇಳಿಯುವುದಕ್ಕಿಂತ ಜೋರಾಗಿ ಬುಟ್ಟಿಗೆ ಸುರಿಯುತ್ತದೆ. ಬುಟ್ಟಿ ತುಂಬಿ ಉಕ್ಕಿದರೆ ಚರಟ ಸಮೇತ ಬಿಸಿ ತಟ್ಟೆಯ ಮೇಲೆ ಹರಿದು ಸುಟ್ಟ ವಾಸನೆ ಎದ್ದೇಳುತ್ತದೆ.

ವೋಲ್ಟೇಜಿನ ವಿಚಾರ ಪೇಟೆಗಿಂತ ಹಳ್ಳಿಯವರಿಗೆ ಮುಖ್ಯ. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟಿಗೆ 600 ವ್ಯಾಟ್ ಇರುವ ಮಿಷನ್ 180 ವೋಲ್ಟಿಗೆ ಬಂದಾಗ ಸುಮಾರು 370 ವ್ಯಾಟ್ ಮಾತ್ರ. ಶಿವಮೊಗ್ಗ ಪೇಟೆಯಲ್ಲಿ ತುಂಬಿದ ಟ್ಯಾಂಕ್ ಏಳು ನಿಮಿಷದಲ್ಲಿ ಇಳಿದರೆ, ತೀರ್ಥಹಳ್ಳಿ ಹೊಸನಗರದ ಒಳಗಿನ ಒಂಟಿಮನೆಯಲ್ಲಿ ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ಹನ್ನೆರಡು ನಿಮಿಷ ಹಿಡಿಯಬಹುದು. ನೀರು ತೊಟ್ಟು ತೊಟ್ಟಾಗಿ ಮೇಲೇರುವುದರಿಂದ ದಾರಿಯಲ್ಲೇ ಆರಿ, ಪುಡಿಗೆ ತಗಲುವಾಗ ಬಿಸಿ ಕಮ್ಮಿ. ಮಿಷನ್ ಹಾಳಾಗಿದೆ ಎಂದು ಅಂಗಡಿಗೆ ಹೊತ್ತೊಯ್ಯುವ ಮೊದಲು ಹೊತ್ತು ಬದಲಿಸಿ ನೋಡಿ. ಸಮುದ್ರಮಟ್ಟದಿಂದ ಎತ್ತರದಲ್ಲಿದ್ದೇವೆ, ನೀರು ಬೇಗ ಕುದಿಯುತ್ತದೆ ಎಂಬ ಚಿಂತೆ ಮಾತ್ರ ಬೇಡ. ಶಿವಮೊಗ್ಗದ ಎತ್ತರದಲ್ಲಿ ಕುದಿಬಿಂದು ಇಳಿಯುವುದು ಎರಡು ಡಿಗ್ರಿಯಷ್ಟು. ಕಾಫಿಗೆ ಅದರಿಂದ ನಷ್ಟವಿಲ್ಲ.

ಮಿಷನ್ ಅಲ್ಲ, ಪುಡಿ

ಕೆಟ್ಟ ಫಲಿತಾಂಶಕ್ಕೆ ಹತ್ತರಲ್ಲಿ ಎಂಟು ಸಲ ಪುಡಿಯೇ ಕಾರಣ. ನಮ್ಮ ಅಂಗಡಿಗಳಲ್ಲಿ ಸಿಗುವ ‘ಫಿಲ್ಟರ್ ಕಾಫಿ ಪುಡಿ’ ಸ್ಟೀಲ್ ಫಿಲ್ಟರಿಗಾಗಿ ಬೀಸಿದ್ದು, ನುಣುಪು ಜಾಸ್ತಿ. ಅದರಲ್ಲಿ ನೀರು ಅರ್ಧ ಗಂಟೆ ನಿಧಾನವಾಗಿ ಇಳಿಯಬೇಕು ಎಂದೇ ಲೆಕ್ಕ. ಡ್ರಿಪ್ ಮಿಷನ್‌ಗೆ ಅಷ್ಟು ಹೊತ್ತು ಇಲ್ಲ. ನುಣ್ಣನೆ ಪುಡಿ ಜಾಲರಿಯ ಕಣ್ಣುಗಳನ್ನು ಕಟ್ಟಿ ಹಾಕುತ್ತದೆ, ಮೇಲಿನಿಂದ ನೀರು ಬರುತ್ತಲೇ ಇರುತ್ತದೆ.

ಅಂಗಡಿಯಲ್ಲಿ ಕಣ್ಣೆದುರೇ ಬೀಸಿ ಕೊಡುವವರಲ್ಲಿ ಹೀಗೆ ಕೇಳಿ: ಚಿರೋಟಿ ರವೆಗಿಂತ ತುಸು ದಪ್ಪ, ಉಪ್ಪಿಟ್ಟಿನ ರವೆಗಿಂತ ಸಣ್ಣ. ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದರೆ ಕಾಳು ಕಾಳಾಗಿ ಸಿಗಬೇಕು, ಮೈಗೆ ಹಚ್ಚುವ ಪೌಡರಿನಂತೆ ಅಂಟಬಾರದು. ಹಿಂದಿನ ಗಿರಾಕಿಯ ಚಿಕೋರಿ ಪುಡಿ ಗ್ರೈಂಡರಿನಲ್ಲಿ ಉಳಿದಿರುತ್ತದೆ, ಮೊದಲು ಬೀಳುವ ಒಂದು ಹಿಡಿ ಬೇರೆ ತೆಗೆಸಿ.

ಚಿಕೋರಿ ಇಲ್ಲಿನ ದೊಡ್ಡ ತೊಡಕು. ಅದು ಕಾಫಿಯಲ್ಲ, ಹುರಿದ ಬೇರು. ಕೆಫೀನ್ ಇಲ್ಲ. ನೀರಿನಲ್ಲಿ ಕರಗುವ ಅಂಶ ಕಾಫಿಯದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಆದ್ದರಿಂದಲೇ ಬಣ್ಣ, ಗಟ್ಟಿತನ ಬೇಗ ಬಿಡುತ್ತದೆ. ನಮ್ಮ ಆಹಾರ ನಿಯಮದ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಪಾಲಿಗೆ ಕಮ್ಮಿ ಇರುವಂತಿಲ್ಲ, ಅಂದರೆ 49 ಪಾಲು ಚಿಕೋರಿ ಇದ್ದರೂ ಕಾನೂನಿಗೆ ಅಡ್ಡಿಯಿಲ್ಲ. ಪೊಟ್ಟಣದ ಹಿಂಬದಿ ಓದಿ. ನೀರು ತಗಲಿದೊಡನೆ ಚಿಕೋರಿ ಉಬ್ಬಿ ಲೋಳೆಯಂತೆ ಅಂಟಿಕೊಳ್ಳುತ್ತದೆ. ಡ್ರಿಪ್ ಬುಟ್ಟಿಯಲ್ಲಿ 30 ಪಾಲು ಚಿಕೋರಿಯ ಪುಡಿ 40 ಗ್ರಾಂ ಹಾಕಿದರೆ ಉಕ್ಕುವುದು ಹೆಚ್ಚುಕಡಿಮೆ ಖಚಿತ. ಉಕ್ಕದಿದ್ದರೂ ಇನ್ನೊಂದು ಮೋಸವಿದೆ: ಗಾಜಿನ ಜಗ್ಗಿನಲ್ಲಿ ಕಪ್ಪಗೆ ಕಂಡದ್ದು ಚಿಕೋರಿಯ ಬಣ್ಣ, ಕುಡಿದಾಗ ಕಾಫಿಯೇ ಇರುವುದಿಲ್ಲ.

ಚಿಕೋರಿ 10 ಪಾಲು ಮೀರದಿರಲಿ, ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಹಾಲಿಗೆ ಬೇಕಾದ ಗಡಸು ರೋಬಸ್ಟಾದಿಂದ ಬರಲಿ. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು, ಕಹಿಯೂ ಜಾಸ್ತಿ, ಹಾಲು ಅದನ್ನು ಮುಚ್ಚಿಹಾಕುವುದಿಲ್ಲ. ಅರೇಬಿಕಾ 60, ರೋಬಸ್ಟಾ 40, ಹುರಿ ಮಧ್ಯಮಕ್ಕಿಂತ ತುಸು ಕಡು. ಈ ಮಿಷನ್‌ಗೆ ಇದಕ್ಕಿಂತ ಹೊಂದುವ ಬೆರಕೆ ಸಿಕ್ಕಿಲ್ಲ. ಅರೇಬಿಕಾದಲ್ಲಿ ಪೀಬೆರಿಗೆ (ಹಣ್ಣಿನೊಳಗೆ ಒಂದೇ ಆಗಿ ಬೆಳೆದ ದುಂಡು ಬೀಜ) ಹೆಚ್ಚು ದುಡ್ಡು ಕೊಡಬೇಕಿಲ್ಲ, ಪ್ಲಾಂಟೇಶನ್ ‘ಎ’ ದರ್ಜೆಯ ಬೀಜ ಸಾಕು. ಹಾಲು ಹಾಕದವರಾದರೆ ಮಾತ್ರ ಬರಿ ಅರೇಬಿಕಾ ಕೊಳ್ಳಿ. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಎಸ್.795 ಎಂಬ ಅರೇಬಿಕಾ ತಳಿ ನಮ್ಮ ಪಕ್ಕದ ತೋಟಗಳಲ್ಲೇ ಬೆಳೆಯುತ್ತದೆ. ಅದರ ಪರಿಮಳ ಈ ಮಿಷನ್‌ನ ತೆಳು ಕಾಫಿಯಲ್ಲೇ ಚೆನ್ನಾಗಿ ತಿಳಿಯುವುದು.

ಒಮ್ಮೆಗೆ ಕಾಲು ಕೆಜಿಗಿಂತ ಹೆಚ್ಚು ಬೀಸಿಸಬೇಡಿ. ಆಷಾಢದ ತೇವಕ್ಕೆ ಪುಡಿ ಎರಡೇ ವಾರದಲ್ಲಿ ಗಂಟುಕಟ್ಟುತ್ತದೆ, ಗಂಟಿನ ಒಳಗೆ ನೀರೇ ಹೋಗುವುದಿಲ್ಲ.

ನಾಲ್ಕು ಲೋಟಕ್ಕೆ ಅಳತೆ

ಪುಡಿ 40 ಗ್ರಾಂ, ನೀರು 300 ಮಿಲಿ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಂದರೆ 80 ಮಿಲಿ ಚರಟದಲ್ಲೇ ಉಳಿಯಿತು. ಆವಿಯದ್ದೂ ಸೇರಿಸಿ ಕಳೆದರೆ ಇಳಿಯುವುದು 200 ಮಿಲಿ. ಲೋಟಕ್ಕೆ 50 ಮಿಲಿ ಡಿಕಾಕ್ಷನ್, 100 ಮಿಲಿ ಹಾಲು. ಸ್ಟೀಲ್ ಫಿಲ್ಟರಿನ ಡಿಕಾಕ್ಷನ್‌ಗೆ ನಾಲ್ಕು ಪಾಲು ಹಾಲು ಹಾಕಿದರೂ ತಡೆಯುತ್ತದೆ. ಇದಕ್ಕೆ ಎರಡು ಪಾಲು ಮಾತ್ರ. ಮೂರು ಪಾಲು ಹಾಕಿದರೆ ಪೇಲವ.

ಜೊತೆಗೆ ಬರುವ ಪ್ಲಾಸ್ಟಿಕ್ ಚಮಚದ ಮೇಲೆ ಗ್ರಾಂ ಎಷ್ಟೆಂದು ಬರೆದಿರುವುದು ಅಪರೂಪ. ಅಡುಗೆಮನೆಯಲ್ಲಿ ತೂಕದ ಯಂತ್ರ ಇಲ್ಲದಿದ್ದರೆ 100 ಗ್ರಾಂ ಪೊಟ್ಟಣ ಬಿಚ್ಚಿ, ಚಮಚವನ್ನು ಮಟ್ಟಸ ಮಾಡಿ ತುಂಬುತ್ತ ಎಷ್ಟು ಚಮಚಕ್ಕೆ ಖಾಲಿಯಾಯಿತೆಂದು ಎಣಿಸಿ. ಹದಿನಾಲ್ಕು ಚಮಚವಾದರೆ ಒಂದು ಚಮಚ 7 ಗ್ರಾಂ, 40 ಗ್ರಾಂಗೆ ಆರು ಚಮಚಕ್ಕೆ ಸ್ವಲ್ಪ ಕಮ್ಮಿ. ಒಂದು ಸಲ ಎಣಿಸಿದರೆ ಆ ಚಮಚದ ಆಯುಷ್ಯವಿಡೀ ನಡೆಯುತ್ತದೆ. ನೀರನ್ನು ಜಗ್ಗಿನ ಗೆರೆ ನೋಡಿ ಅಳೆಯಬೇಡಿ. ಕೆಲವು ಮಿಷನ್‌ಗಳಲ್ಲಿ ಜಗ್ಗಿನ ಗೆರೆಗೂ ಟ್ಯಾಂಕಿನ ಗೆರೆಗೂ ತಾಳೆಯಾಗುವುದಿಲ್ಲ, ಯಾಕೆಂದರೆ ಒಂದು ಹಾಕುವ ನೀರಿನ ಲೆಕ್ಕ, ಇನ್ನೊಂದು ಇಳಿದ ಕಾಫಿಯ ಲೆಕ್ಕ. 150 ಮಿಲಿಯ ಸ್ಟೀಲ್ ಲೋಟದಲ್ಲಿ ಎರಡು ಲೋಟ ನೀರು, ಮುಗಿಯಿತು.

ಪುಡಿ ಹಾಕಿದ ಮೇಲೆ ಬುಟ್ಟಿಯನ್ನು ಅಂಗೈಗೆ ಎರಡು ಸಲ ತಟ್ಟಿ ಮಟ್ಟ ಮಾಡಿ. ಸ್ಟೀಲ್ ಫಿಲ್ಟರಿನ ಅಭ್ಯಾಸದಿಂದ ಒತ್ತಲು ಹೋಗಬೇಡಿ, ಇದರಲ್ಲಿ ಒತ್ತಿದರೆ ನೀರು ಇಳಿಯುವುದಿಲ್ಲ. ಪುಡಿಯ ಮೇಲೆ ಒಂದು ಬೆರಳಿನಷ್ಟಾದರೂ ಜಾಗ ಉಳಿಯಬೇಕು. ಸ್ವಿಚ್ ಹಾಕಿ. ನೀರು ಬೀಳಲು ಶುರುವಾಗಿ ಪುಡಿಯೆಲ್ಲ ಒದ್ದೆಯಾಗುವ ಹೊತ್ತಿಗೆ, ಅಂದರೆ ಮೂವತ್ತು ನಲವತ್ತು ಸೆಕೆಂಡಿಗೆ, ಸ್ವಿಚ್ ಆರಿಸಿ. ಮುಚ್ಚಳ ತೆಗೆದು, ಚಮಚದ ಹಿಡಿಯಿಂದ ಅಂಚಿನ ಒಣಪುಡಿಯನ್ನು ಒದ್ದೆಗೆ ಸೇರಿಸಿ ಒಂದು ಸುತ್ತು ತಿರುವಿ. ಜಾಲರಿಗೆ ಚಮಚ ತಾಗಿಸಬೇಡಿ, ಹರಿಯುತ್ತದೆ. ತಾಜಾ ಹುರಿದ ಪುಡಿಯಾದರೆ ಆಗ ನೊರೆ ಏಳುತ್ತದೆ, ಹುರಿದಾಗ ಬೀಜದೊಳಗೆ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ಅದು. ನೊರೆ ಏಳಲೇ ಇಲ್ಲವೆಂದರೆ ಪುಡಿ ಹಳತು. ಒಂದು ನಿಮಿಷ ಬಿಟ್ಟು ಮತ್ತೆ ಸ್ವಿಚ್ ಹಾಕಿ, ಉಳಿದದ್ದು ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ.

ಜಗ್ಗನ್ನು ಹೊರಗೆಳೆದರೆ ತೊಟ್ಟಿಕ್ಕುವುದು ನಿಲ್ಲುವ ಸ್ಪ್ರಿಂಗ್ ವಾಲ್ವ್ ಹೆಚ್ಚಿನ ಮಿಷನ್‌ಗಳಲ್ಲಿದೆ. ಇದನ್ನೇ ಬಳಸಿ ಪುಡಿಯನ್ನು ನೆನೆಹಾಕುವವರೂ ಇದ್ದಾರೆ: ಜಗ್ ಎಳೆದಿಟ್ಟು, ನೀರು ಬುಟ್ಟಿಯಲ್ಲಿ ನಿಂತ ಮೇಲೆ ಮತ್ತೆ ತಳ್ಳುವುದು. ಗಟ್ಟಿ ಬರುವುದು ನಿಜ. ಆದರೆ 40 ಗ್ರಾಂ ತುಂಬಿದ ಬುಟ್ಟಿಯಲ್ಲಿ ಇಪ್ಪತ್ತು ಸೆಕೆಂಡು ಮೀರಿದರೆ ಉಕ್ಕಿಯೇ ಉಕ್ಕುತ್ತದೆ. ಸ್ವಿಚ್ ಆರಿಸುವ ಉಪಾಯವೇ ವಾಸಿ.

ಹಾಲಿನ ಮಾತೂ ಇಲ್ಲಿಯೇ. ನೂರಕ್ಕೆ 3 ಪಾಲು ಕೊಬ್ಬಿನ ನೀಲಿ ಪ್ಯಾಕೆಟ್ ಹಾಲು ಈ ಡಿಕಾಕ್ಷನ್‌ಗೆ ತೆಳುವಾಯಿತು. ದಪ್ಪ ಹಾಲು ತನ್ನಿ, ಇಲ್ಲವೇ ಅರ್ಧ ಲೀಟರನ್ನು ಸಣ್ಣ ಉರಿಯಲ್ಲಿ 450 ಮಿಲಿಗೆ ಇಳಿಸಿಕೊಳ್ಳಿ. ಮನೆಯ ಹಸುವಿನ ಹಾಲಿದ್ದರೆ ಮಾತೇ ಬೇಡ.

ಚರಟ ಓದುವುದು

ಮಿಷನ್‌ನ ಜಾತಕ ಚರಟದಲ್ಲಿದೆ. ಇಳಿದು ಮುಗಿದ ಮೇಲೆ ಮುಚ್ಚಳ ಎತ್ತಿ ಬುಟ್ಟಿಯೊಳಗೆ ನೋಡಿ. ಮೇಲ್ಮೈ ಗದ್ದೆಯ ಮಡಿಯಂತೆ ಮಟ್ಟವಾಗಿ, ಒಂದೇ ಬಣ್ಣಕ್ಕಿದ್ದರೆ ಸರಿ. ಅಗ್ಗದ ಮಿಷನ್‌ಗಳಲ್ಲಿ ನೀರು ಬೀಳುವ ತೂತು ಒಂದೇ ಆಗಿರುವುದುಂಟು. ಆಗ ನಡುವೆ ಗುಬ್ಬಚ್ಚಿ ಮಣ್ಣುಸ್ನಾನ ಮಾಡಿದಂಥ ಗುಂಡಿ ಬಿದ್ದು, ಅಂಚಿನಲ್ಲಿ ತಿಳಿ ಕಂದು ಬಣ್ಣದ ಒಣಪುಡಿ ನಿಂತಿರುತ್ತದೆ. ಬೆರಳಿಟ್ಟರೆ ಪುಡಿ ಪುಡಿಯಾಗಿಯೇ ಮೇಲೆ ಬರುತ್ತದೆ. ಕಾಲು ಭಾಗ ಪುಡಿಗೆ ನೀರೇ ಮುಟ್ಟಿಲ್ಲ, ನಡುವಿನದ್ದು ಮಾತ್ರ ಎರಡೆರಡು ಸಲ ತೊಳೆದು ಕಹಿಯಾಗಿದೆ. ಕಾಫಿ ಏಕಕಾಲಕ್ಕೆ ತೆಳ್ಳಗೂ ಕಹಿಯೂ ಆಗಿದ್ದರೆ ಇದೇ ಕಾರಣ. ಮೇಲೆ ಹೇಳಿದ ಚಮಚದ ಸುತ್ತು ಈ ರೋಗಕ್ಕೆ ಮದ್ದು. ಕೊಳ್ಳುವಾಗಲೇ ಮುಚ್ಚಳದ ಕೆಳಭಾಗ ನೋಡಿ, ನಾಲ್ಕೈದು ತೂತಿರುವುದನ್ನು ಆರಿಸಿಕೊಳ್ಳಿ.

ಚರಟದ ಮೇಲೆ ಕೆಸರಿನಂತೆ ನಯವಾದ ಪದರ ಕಟ್ಟಿ, ಗೋಡೆಯ ಮೇಲೆ ಎತ್ತರದವರೆಗೆ ಕಲೆ ಇದ್ದರೆ ಪುಡಿ ನುಣುಪಾಯಿತು, ಅಥವಾ ಚಿಕೋರಿ ಜಾಸ್ತಿಯಾಯಿತು. ನೀರು ಒಂದೂವರೆ ನಿಮಿಷದಲ್ಲಿ ಸರ್ರನೆ ಇಳಿದು ಜಗ್ಗಿನಲ್ಲಿ ಚಹಾದ ಬಣ್ಣ ಬಂದಿದ್ದರೆ ಪುಡಿ ದಪ್ಪ. ಲೋಟದ ತಳದಲ್ಲಿ ಸ್ವಲ್ಪ ಗಸಿ ನಿಲ್ಲುವುದು ನೈಲಾನ್ ಜಾಲರಿಯ ಗುಣ, ಅದಕ್ಕೆ ಪೇಪರ್ ಫಿಲ್ಟರ್ ಹಾಕಿದರೆ ಹೋಗುತ್ತದೆ. ಆದರೆ ಪೇಪರ್ ಕಾಫಿಯ ಎಣ್ಣೆಯನ್ನೂ ಹೀರಿಕೊಳ್ಳುವುದರಿಂದ ಹಾಲುಕಾಫಿಯ ಮೈ ಇನ್ನಷ್ಟು ಸೊರಗುತ್ತದೆ. ಚಿಕೋರಿ ಪುಡಿಗೆ ಪೇಪರ್ ಹಾಕಲೇಬಾರದು, ಕಟ್ಟಿಕೊಳ್ಳುತ್ತದೆ.

ಒಮ್ಮೆ ಇಳಿದ ಡಿಕಾಕ್ಷನ್ ತೆಳುವಾಯಿತೆಂದು ಅದನ್ನೇ ಟ್ಯಾಂಕಿಗೆ ಹೊಯ್ದು ಎರಡನೇ ಸಲ ಓಡಿಸುವವರಿದ್ದಾರೆ. ಇನ್ನೂ ಧೈರ್ಯದವರು ಟ್ಯಾಂಕಿಗೆ ಹಾಲನ್ನೇ ಹಾಕುತ್ತಾರೆ. ಎರಡರಲ್ಲೂ ಮಿಷನ್‌ಗೆ ಮೋಕ್ಷ. ಕಾಫಿಯ ಎಣ್ಣೆ, ಹಾಲಿನ ಕೆನೆ ಕೈ ಹೋಗದ ನಳಿಗೆಯೊಳಗೆ ಸುಟ್ಟು ಅಂಟಿಕೊಂಡು ಕೂರುತ್ತದೆ, ವಾಲ್ವ್ ಕಚ್ಚಿಕೊಳ್ಳುತ್ತದೆ. ಟ್ಯಾಂಕಿಗೆ ನೀರು ಬಿಟ್ಟು ಬೇರೇನೂ ಇಲ್ಲ.

ಬೆಲ್ಲದ ಕರಿ ಕಾಫಿಗೆ

ಈ ಮಿಷನ್ ಒಂದು ಕೆಲಸವನ್ನು ಸ್ಟೀಲ್ ಫಿಲ್ಟರಿಗಿಂತ ಚೆನ್ನಾಗಿ ಮಾಡುತ್ತದೆ, ಅದು ಹಾಲಿಲ್ಲದ ಕಾಫಿ. 600 ಮಿಲಿ ನೀರಿಗೆ 35 ಗ್ರಾಂ ಪುಡಿ, ಚಿಕೋರಿ ಬೇಡ. ಲೋಟದ ತಳಕ್ಕೆ ಒಂದು ಚಮಚ ಜೋನಿ ಬೆಲ್ಲ ಹಾಕಿ ಮೇಲಿಂದ ಕಾಫಿ ಹೊಯ್ಯಿರಿ. ಪಾತ್ರೆಯಲ್ಲಿ ಪುಡಿ ಕುದಿಸಿ ಬಟ್ಟೆಯಲ್ಲಿ ಸೋಸುವ ಹಳೆ ಕ್ರಮದಲ್ಲಿ ಬರುವ ಒಗರು ಇದರಲ್ಲಿಲ್ಲ, ಪುಡಿ ಕುದಿಯುವುದೇ ಇಲ್ಲವಲ್ಲ. ಮಳೆ ಹಿಡಿದ ಸಂಜೆ ಹಲಸಿನ ಹಪ್ಪಳ ಕರಿಯುವ ಹೊತ್ತಿಗೆ ಐದು ಜನಕ್ಕೆ ಧಾರಾಳ ಆಗುತ್ತದೆ. ಬೆಲ್ಲ ಹಾಕಿದ ಮೇಲೆ ಹಾಲು ಬೇಕೆನ್ನುವವರಿಗೆ ಕುದಿಹಾಲು ಕೊಡಬೇಡಿ, ಬೆಲ್ಲದ ಹುಳಿಗೆ ಒಡೆಯುವ ಸಂಭವವುಂಟು.

ಬಿಸಿ ತಟ್ಟೆ, ಗಾಜು, ಪ್ಲಗ್

ಬಿಸಿ ತಟ್ಟೆಯನ್ನು ಅನುಕೂಲ ಎಂದು ಮಾರುತ್ತಾರೆ. ಇಪ್ಪತ್ತು ನಿಮಿಷ ದಾಟಿದರೆ ಅದೇ ಕಾಫಿಯ ಶತ್ರು. ನೀರಿನಂಶ ಆರುತ್ತ, ಕಾಫಿಯ ಆಮ್ಲಗಳು ಒಡೆಯುತ್ತ ಹುಳಿ ಸೇರಿದ ಕಹಿ ಬರುತ್ತದೆ. ಈ ಬೆಲೆಯ ಮಿಷನ್‌ಗಳಲ್ಲಿ ತಾನಾಗಿ ಆರುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ನೀವು ಆರಿಸುವವರೆಗೆ ಉರಿಯುತ್ತಲೇ ಇರುತ್ತದೆ. ಇಳಿದ ಕೂಡಲೇ ಸ್ವಿಚ್ ಆರಿಸಿ, ಉಳಿದದ್ದನ್ನು ಫ್ಲಾಸ್ಕಿಗೆ ಹಾಕಿ. ಕರೆಂಟು ಹೋದಾಗ ಸ್ವಿಚ್ ಹಾಕಿದ್ದು ಮರೆತು ಪೇಟೆಗೆ ಹೋದರೆ, ಕರೆಂಟು ಬಂದ ಮೇಲೆ ಖಾಲಿ ಜಗ್ ತಟ್ಟೆಯ ಮೇಲೆ ಗಂಟೆಗಟ್ಟಲೆ ಕಾಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದೊಡನೆ ಪ್ಲಗ್ ಕೀಳುವ ರೂಢಿ ಮಾಡಿಕೊಳ್ಳಿ, ಸಿಡಿಲಿಗೂ ಅದೇ ಒಳ್ಳೆಯದು. ಮನೆಯ ಸಣ್ಣ ಇನ್ವರ್ಟರಿನ ಮೇಲೆ ಓಡಿಸಬೇಡಿ. 12 ವೋಲ್ಟ್ ಬ್ಯಾಟರಿಯಿಂದ 600 ವ್ಯಾಟ್ ಎಳೆಯುವುದೆಂದರೆ 50 ಆಂಪಿಯರಿಗೂ ಮೇಲೆ.

ಕರೆಂಟಿನ ಖರ್ಚು ಲೆಕ್ಕಕ್ಕೇ ಇಲ್ಲ. ಏಳು ನಿಮಿಷ ಓಡಿದರೆ 0.07 ಯೂನಿಟ್. ಖರ್ಚು ಇರುವುದು ಪುಡಿಯಲ್ಲಿ. ಸ್ಟೀಲ್ ಫಿಲ್ಟರಿನಲ್ಲಿ ನಾಲ್ಕು ಲೋಟಕ್ಕೆ 30 ಗ್ರಾಂ ಸಾಕಾದರೆ ಇದಕ್ಕೆ 40. ದಿನಕ್ಕೆ ಎಂಟು ಲೋಟದ ಮನೆಯಲ್ಲಿ ತಿಂಗಳಿಗೆ 600 ಗ್ರಾಂ ಪುಡಿ ಹೆಚ್ಚು ಹೋಗುತ್ತದೆ. ಮಿಷನ್‌ನ ಬೆಲೆಯನ್ನು ವರ್ಷದೊಳಗೇ ಪುಡಿ ದಾಟಿಬಿಡುತ್ತದೆ. ಇದನ್ನು ಅಂಗಡಿಯವರು ಹೇಳುವುದಿಲ್ಲ.

ಗಾಜಿನ ಜಗ್ ಒಡೆಯುವುದು ಕೈಜಾರಿ ಮಾತ್ರವಲ್ಲ. ಬಿಸಿ ಜಗ್ಗನ್ನು ಒದ್ದೆ ಕಡಪಾ ಕಲ್ಲಿನ ಮೇಲಿಟ್ಟರೂ, ತಕ್ಷಣ ನಲ್ಲಿಯ ತಣ್ಣೀರು ಬಿಟ್ಟರೂ ಚಿಟ್ ಎಂದು ಬಿರುಕು. ಐದು ನಿಮಿಷ ಆರಲು ಬಿಡಿ. ಒಂದು ಕಂಪನಿಯ ಜಗ್ ಇನ್ನೊಂದಕ್ಕೆ ಕೂರುವುದಿಲ್ಲ, ಯಾಕೆಂದರೆ ಜಗ್ಗಿನ ಮುಚ್ಚಳವೇ ಮೇಲಿನ ವಾಲ್ವನ್ನು ಒತ್ತಬೇಕು. ಎತ್ತರದಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸವಾದರೂ ಕಾಫಿ ಇಳಿಯದೆ ಬುಟ್ಟಿ ಉಕ್ಕುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ವಾರಂಟಿಯದಲ್ಲ, ಬಿಡಿ ಜಗ್ ಸಿಗುತ್ತದೆಯೇ, ಎಷ್ಟು ದಿನಕ್ಕೆ ಎಂಬುದು. ಸ್ಪಷ್ಟ ಉತ್ತರ ಇಲ್ಲದ ಮಿಷನ್ ಬೇಡ. ಪ್ಲಗ್ ಮೂರು ಪಿನ್ನಿನದೇ ಇರಲಿ, ಮನೆಯಲ್ಲಿ ಅರ್ಥಿಂಗ್ ಇರಲಿ. ನೀರು, ಲೋಹದ ತಟ್ಟೆ, ಹೀಟರ್ ಮೂರೂ ಒಂದೇ ಕಡೆ ಇವೆ. ಹಳೆ ಮನೆಯ ಎರಡು ಪಿನ್ ಎಕ್ಸ್‌ಟೆನ್ಶನ್ನಿಗೆ ಸಿಕ್ಕಿಸುವುದು ಅಪಾಯ.

ಶುಚಿ ಮತ್ತು ಮಳೆಗಾಲ

‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಮಾತು ಕಾಫಿ ಮಿಷನ್‌ಗೂ ಹೊಂದುತ್ತದೆ. ನದಿಯ ಮೆದುನೀರಾದರೆ ನಳಿಗೆಯಲ್ಲಿ ಸುಣ್ಣ ಕಟ್ಟುವುದು ನಿಧಾನ. ಗಡಸು ಬೋರ್‌ವೆಲ್ ನೀರಾದರೆ ತಿಂಗಳಿಗೊಮ್ಮೆ ತೊಳೆಯಲೇಬೇಕು. ಸುಣ್ಣ ಕಟ್ಟಿದ್ದಕ್ಕೆ ಗುರುತು: ಇಳಿಯುವ ಹೊತ್ತು ದಿನೇ ದಿನೇ ಹೆಚ್ಚುತ್ತದೆ, ಗೊರಗೊರ ಸದ್ದು ಮೊದಲೇ ಶುರುವಾಗುತ್ತದೆ, ಆವಿ ಬಹಳ ನೀರು ಕಮ್ಮಿ.

ದಿನಸಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) 15 ಗ್ರಾಂ, ನೀರು 600 ಮಿಲಿ. ಚೆನ್ನಾಗಿ ಕರಗಿಸಿ ಟ್ಯಾಂಕಿಗೆ ಹಾಕಿ, ಪುಡಿಯಿಲ್ಲದೆ ಸ್ವಿಚ್ ಒತ್ತಿ. ಅರ್ಧ ಇಳಿದಾಗ ಆರಿಸಿ ಇಪ್ಪತ್ತು ನಿಮಿಷ ಬಿಡಿ, ಸುಣ್ಣ ಕರಗಲು ಆ ಹೊತ್ತು ಬೇಕು. ಉಳಿದರ್ಧ ಓಡಿಸಿ ಚೆಲ್ಲಿ, ಆಮೇಲೆ ಬರಿ ನೀರು ಮೂರು ಸಲ. ಜಗ್ಗಿನ ಕಂದು ಕಲೆಗೆ ಅಡುಗೆ ಸೋಡಾ ಮತ್ತು ಬಿಸಿನೀರು ಸಾಕು, ತಂತಿ ಜುಂಗು ಹಾಕಿ ತಿಕ್ಕಿದರೆ ಗೀರು ಬಿದ್ದ ಕಡೆಯೇ ಮುಂದೆ ಬಿರುಕು ಬಿಡುತ್ತದೆ. ಜಾಲರಿಯನ್ನು ಚರಟ ಒಣಗುವ ಮೊದಲೇ ಹಿಮ್ಮುಖವಾಗಿ ನಲ್ಲಿಗೆ ಹಿಡಿಯಿರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರೆಯದೇ ಕಾಟ. ಒದ್ದೆ ಚರಟವನ್ನು ರಾತ್ರಿ ಬುಟ್ಟಿಯಲ್ಲೇ ಬಿಟ್ಟರೆ ಮೂರನೇ ದಿನಕ್ಕೆ ಬಿಳಿ ಬೂಷ್ಟು. ಟ್ಯಾಂಕಿನ ತಳದಲ್ಲಿ ಸದಾ ಒಂದೆರಡು ಚಮಚ ನೀರು ಉಳಿಯುತ್ತದೆ, ಮುಚ್ಚಳ ಹಾಕಿಟ್ಟರೆ ಅದೂ ಮುಗ್ಗಲು ವಾಸನೆ. ಬಳಸಿದ ಮೇಲೆ ಮುಚ್ಚಳ ತೆರೆದೇ ಇಡಿ. ಹಾಗಂತ ವಾರಗಟ್ಟಲೆ ತೆರೆದಿಟ್ಟರೆ ಜಿರಳೆ, ಇರುವೆ ಒಳಹೊಕ್ಕು ಬೆಚ್ಚಗೆ ಸಂಸಾರ ಹೂಡುತ್ತವೆ. ಕೆಲವು ದಿನ ಬಳಸದೆ ಇದ್ದು ಮತ್ತೆ ತೆಗೆದಾಗ ಮೊದಲ ಜಗ್ ಬರಿ ನೀರು ಓಡಿಸಿ, ಜಗ್ಗನ್ನು ಬೆಳಕಿಗೆ ಹಿಡಿದು ನೋಡಿ.

ಲೈಟ್ ಹತ್ತುತ್ತದೆ, ಬಿಸಿಯೇ ಆಗುವುದಿಲ್ಲ ಎಂಬ ದೂರು ಎರಡನೇ ವರ್ಷದ ಹೊತ್ತಿಗೆ ಬರುವುದುಂಟು. ಹೆಚ್ಚಿನ ಸಲ ಹೀಟರ್ ಸುಟ್ಟಿರುವುದಿಲ್ಲ, ಅದಕ್ಕೆ ಒತ್ತಿಕೊಂಡಿರುವ, ಬಿಸಿ ಮಿತಿಮೀರಿದರೆ ಕರೆಂಟು ಕಡಿಯುವ ಥರ್ಮಲ್ ಫ್ಯೂಸ್ ಹೋಗಿರುತ್ತದೆ. ಟ್ಯಾಂಕಿನಲ್ಲಿ ನೀರಿಲ್ಲದೆ ಓಡಿಸಿದ್ದು, ಸುಣ್ಣ ಕಟ್ಟಿದ್ದು, ಥರ್ಮೋಸ್ಟಾಟ್ ಕಚ್ಚಿಕೊಂಡಿದ್ದು ಇದಕ್ಕೆ ಕಾರಣ. ಬಿಡಿಭಾಗ ತೀರ ಅಗ್ಗ, ಮಿಕ್ಸಿ ರಿಪೇರಿಯವರು ಹಾಕಿಕೊಡುತ್ತಾರೆ. ಆದರೆ ಹಳೆ ಫ್ಯೂಸಿನ ಮೇಲೆ ಬರೆದಿರುವ ಡಿಗ್ರಿ ಮತ್ತು ಆಂಪಿಯರ್ ಎರಡೂ ಹೊಸದರಲ್ಲಿ ತಾಳೆಯಾಗಬೇಕು, ಬೆಸುಗೆ ಹಾಕದೆ ತಂತಿಯ ತುದಿಯನ್ನು ಒತ್ತಿ ಕೂಡಿಸಬೇಕು. ಬೆಸುಗೆಯ ಬಿಸಿಗೆ ಹೊಸ ಫ್ಯೂಸ್ ಕೂಡ ಅಲ್ಲೇ ಹಾರಿಹೋಗುತ್ತದೆ. ಫ್ಯೂಸ್ ಸಿಗಲಿಲ್ಲವೆಂದು ಆ ಜಾಗಕ್ಕೆ ಬರಿ ತಂತಿ ಎಳೆದುಕೊಟ್ಟರೆ ಮಿಷನ್ ಅವತ್ತೇ ಓಡುತ್ತದೆ, ಮುಂದಿನ ಸಲ ಥರ್ಮೋಸ್ಟಾಟ್ ಕಚ್ಚಿಕೊಂಡಾಗ ಪ್ಲಾಸ್ಟಿಕ್ ತಳ ಕರಗಿ ಬೆಂಕಿಯಾಗುತ್ತದೆ. ರಿಪೇರಿಯಿಂದ ತಂದ ಮಿಷನ್‌ನ ತಳದ ಮುಚ್ಚಳ ಬಿಚ್ಚಿಸಿ, ಹೊಸ ಫ್ಯೂಸನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡಿ.